ಮನೆ ನೋಡೋಕೆ ಬಂದವರು

ಮೊದಲೇ ಹೇಳ್ಬಿಡ್ತೀನಿ, ನಮ್ಮ ಮಹಡಿ ಮೇಲಿನ ಮನೆ ಬಾಡಿಗೆಗೆ ಇರಲಿಲ್ಲ. ಗೇಟಿಗೆ ಬೋರ್ಡು ನೇತಾಡ್ತಿತ್ತು, ನಿಜ. ‘ಮನೆ ಬಾಡಿಗೆಗಿದೆ, ಕೆಳಗಡೆ ವಿಚಾರಿಸಿ’ ಅಂತ ನಾನೇ ಬರೆದು, ತಂತಿ ಕಟ್ಟಿ ತೂಗು ಹಾಕಿದ್ದೆ. ಆದ್ರೆ ಕೊಡೋ ಉದ್ದೇಶ ನಂಗೆ ಎಳ್ಳಷ್ಟೂ ಇರಲಿಲ್ಲ. ಯಾಕೆ ಅಂತ ಹೇಳಿದ್ರೆ ನಗ್ತೀರ. ನಗಿ, ನಮ್ಮನೇಲೂ ಆಮೇಲೆ ಎಲ್ರೂ ನಕ್ಕರು.

ನಾನು ಕಥೆ ಬರೀತೀನಿ. ಬರೀತೀನಿ ಅನ್ನೋದಕ್ಕಿಂತ ಬರೆಯೋಕೆ ಒದ್ದಾಡ್ತೀನಿ ಅನ್ನೋದೇ ಸರಿ. ಮದುವೆಗೆ ಮುಂಚೆ ಒಂದೇ ಒಂದು ಕಥೆ ವಾರಪತ್ರಿಕೇಲಿ ಬಂದಿತ್ತು. ಅದನ್ನೇ ಹಿಡ್ಕೊಂಡು ನೆಂಟರಿಷ್ಟರು ಇವತ್ತಿಗೂ ‘ನಮ್ ಶ್ಯಾಮಲಾ ರೈಟರ್ರು’ ಅಂತ ಪರಿಚಯ ಮಾಡ್ಕೊಡ್ತಾರೆ. ಹಾಗಂದಾಗೆಲ್ಲ ನಂಗೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಈ ಸಲ ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಏನೇ ಆಗ್ಲಿ ಒಂದು ಕಥೆ ಕಳಿಸ್ಲೇಬೇಕು ಅಂತ ಹಟ ಹಿಡಿದಿದ್ದೆ. ಹಟ ಇತ್ತು, ಕಥೆ ಇರಲಿಲ್ಲ.

ನಮ್ಮದು ರಾಜಗೋಪಾಲನಗರ. ಈಗ ಮನೆ ಇರೋ ಜಾಗದಲ್ಲೇ ನಮ್ಮತ್ತೆ ವೆಂಕಟಮ್ಮ ಒಂದು ಕಾಲಕ್ಕೆ ರಾಗಿ ಕಳೆ ತೆಗೀತಿದ್ರಂತೆ. ಈಗ ಯಾವ ದಿಕ್ಕಿಗೆ ತಿರುಗಿದ್ರೂ ಲೇತು, ಪ್ರೆಸ್ಸು, ಗಾರ್ಮೆಂಟ್ಸು. ನನ್ನ ಗಂಡ ನಂದೀಶ್ ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸ್ತಾರೆ. ಕೆಳಗಿನ ಮನೇಲಿ ಟಿವಿ ಒಂದು ಕಡೆ, ಅವರ ಫೋನು ಒಂದು ಕಡೆ, ಅತ್ತೆ ಬಾಯಿ ಇನ್ನೊಂದು ಕಡೆ. ಯುಗಾದಿ ಆದ್ಮೇಲೆ ಮಹಡಿ ಮನೆಯವರು ಖಾಲಿ ಮಾಡ್ಕೊಂಡು ಹೋದ್ರು. ಬಣ್ಣ ಹೊಡೆಸ್ತೀನಿ ಅಂತ ಬೀಗದ ಕೈ ಇಸ್ಕೊಂಡವಳು ನಾನು ವಾಪಸ್ ಕೊಡಲೇ ಇಲ್ಲ. ಒಂದು ಮೇಜು, ಒಂದು ಪ್ಲಾಸ್ಟಿಕ್ ಕುರ್ಚಿ, ಲ್ಯಾಪ್‌ಟಾಪು. ಬಾಗಿಲು ಹಾಕ್ಕೊಂಡ್ರೆ ನಾನೇ ರಾಣಿ. ಆದ್ರೆ ಕೂತ್ರೆ ಒಂದು ಸಾಲು ಬರ್ತಿರಲಿಲ್ಲ.

ವೈಟ್‌ಫೀಲ್ಡ್ ಕಡೆ ಸಾಫ್ಟ್‌ವೇರ್ ಕಂಪನೀಲಿರೋ ಹರ್ಷವರ್ಧನ್ ಅಂತ ಒಬ್ರು ವಾಟ್ಸ್ಯಾಪಲ್ಲಿ ಕಥೆ ಬರೆಯೋರ ಗುಂಪು ನಡೆಸ್ತಾರೆ. ಸೇರ್ಕೊಂಡೆ. ದಿನಾ ಬೆಳಗ್ಗೆ ಒಂದು ಪ್ರಾಂಪ್ಟ್ ಹಾಕ್ತಾರೆ, ಅದನ್ನ ಹಿಡ್ಕೊಂಡು ನಾವು ಕಥೆ ಶುರು ಮಾಡ್ಬೇಕು. ‘ಬಸ್ಸಿನಲ್ಲಿ ಮರೆತ ಛತ್ರಿ.’ ‘ತಾತನ ಊರುಗೋಲು.’ ‘ನಿಮ್ಮ ಕಿಟಕಿಯಾಚೆ ಕಾಣುವುದನ್ನು ಬರೆಯಿರಿ.’ ನನ್ನ ಕಿಟಕಿಯಾಚೆ ಕಾಣೋದು ಪಕ್ಕದ ಮನೆ ಗೋಡೆ, ಅದೂ ಪ್ಲಾಸ್ಟರಿಂಗ್ ಇಲ್ಲದ್ದು, ಕೈ ಚಾಚಿದ್ರೆ ಮುಟ್ಟಬಹುದು. ಅದನ್ನೇ ಬರೆದು ಹಾಕಿದೆ. ಅವರು ಒಂದು ಗುಲಾಬಿ ಚಿತ್ರ ಕಳಿಸಿ ಇನ್ನೂ ಆಳಕ್ಕಿಳೀರಿ ಮೇಡಂ ಅಂದ್ರು. ಇಟ್ಟಿಗೆ ಗೋಡೇಲಿ ಎಲ್ಲಿಗೆ ಇಳೀಲಿ? ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಾನೂ ಕುರ್ಚಿ ಸರಿ ಇಲ್ಲ ಅಂದೆ, ಸೆಖೆ ಅಂದೆ, ಹಿಂದಿನ ಬೀದಿ ಪ್ರೆಸ್ಸಿನ ಸದ್ದು ಅಂದೆ. ಎದ್ದು ಆ ಗೋಡೆಯಿಂದ ಈ ಗೋಡೆಗೆ ಶತಪಥ ಹಾಕೋದು, ಕೆಳಗೆ ಹೋಗಿ ಕಾಫಿ ಕುಡಿಯೋದು, ಮತ್ತೆ ಮೇಲೆ ಬರೋದು, ಇಷ್ಟೇ ಆಯ್ತು.

ಅಂಥದ್ರಲ್ಲಿ ಒಂದಿನ ಗಂಡ ಹೆಂಡತಿ ಇಬ್ಬರು ಮನೆ ಖಾಲಿ ಇದೆ ಅಂತ ಯಾರಿಂದಲೋ ಕೇಳ್ಕೊಂಡು ಬಂದ್ರು. ಇಲ್ಲ ಅಂತ ಕಳಿಸೋಣ ಅಂತಲೇ ಗೇಟಿಗೆ ಹೋದೆ. ಬಾಯಿ ಸುಮ್ನಿರ್ಬೇಕಲ್ಲ, ಈಗಿರೋ ಮನೆ ಯಾಕೆ ಬಿಡ್ತಿದ್ದೀರಿ ಅಂತ ಕೇಳ್ಬಿಟ್ಟೆ. ಆಕೆ ಶುರು ಮಾಡಿದ್ಲು ನೋಡಿ. ಅವರ ಓನರ್ರು ನಲ್ಲಿ ಸದ್ದು ಕೇಳಿದ್ರೆ ಸಾಕು ಬಂದು ಬಾಗಿಲು ಬಡೀತಾನಂತೆ, ಅದಕ್ಕೆ ಈಕೆ ನೀರು ಬಿಟ್ಟಾಗೆಲ್ಲ ಜೋರಾಗಿ ಹಾಡು ಹೇಳೋ ಅಭ್ಯಾಸ ಮಾಡ್ಕೊಂಡಿದ್ಲಂತೆ, ಈಗ ನೀರು ಕಂಡ್ರೆ ತಾನಾಗೇ ಹಾಡು ಬಂದ್ಬಿಡುತ್ತಂತೆ. ಹೇಳ್ತಾ ಹೇಳ್ತಾ ಅವಳೇ ನಕ್ಕಳು. ಅವರು ಹೋದ ಮೇಲೆ ಮೇಲೆ ಹೋಗಿ ಕೂತವಳು ಒಂದೇ ಉಸಿರಿಗೆ ಎರಡು ಪುಟ ಬರೆದೆ. ಕಥೆ ಆಗ್ಲಿಲ್ಲ ಅದು, ಆದ್ರೂ ಕೈ ಓಡಿತ್ತು. ಮಾರನೇ ದಿನವೇ ಬೋರ್ಡು ಬರೆದು ಹಾಕಿದೆ.

ನಮ್ಮ ಕಡೆ ಮನೆ ಓನರ್ರು ಕೇಳೋ ಪ್ರಶ್ನೆ ನಿಮಗೆ ಗೊತ್ತೇ ಇದೆ. ಎಷ್ಟು ಜನ, ಯಾವ ಜನ, ಮಾಂಸ ತಿಂತೀರಾ, ಎಲ್ಲಿ ಕೆಲಸ. ನಾನು ಅದನ್ನೆಲ್ಲ ಬಿಟ್ಟೆ. ಯಾವ ಮನೇಲಿ ನಿದ್ದೆ ಚೆನ್ನಾಗಿ ಬರ್ತಿತ್ತು? ಬಿಟ್ಟು ಬಂದ ಮನೇಲಿ ಏನನ್ನ ಮರೆಯೋಕಾಗಲ್ಲ? ಅಯ್ಯೋ, ಬಾಡಿಗೆ ಮನೆ ಹುಡುಕೋರು ಹೀಗೆ ಕೇಳೋರಿಗೋಸ್ಕರ ಕಾಯ್ತಿರ್ತಾರೆ ಕಣ್ರೀ. ಮಾರತ್ತಹಳ್ಳಿ ಪಿಜಿಯಿಂದ ಬಂದ ಹುಡುಗನೊಬ್ಬ ಅಡುಗೆಮನೇಲಿ ನಿಂತು ಬೆಳಕು ಬೀಳೋ ಕಿಟಕಿ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ. ಹೊಸದಾಗಿ ಮದುವೆಯಾದೋಳು ಇಬ್ರು ಒಟ್ಟಿಗೆ ನಿಂತು ಅಡುಗೆ ಮಾಡೋಷ್ಟು ಜಾಗ ಇದ್ಯಾ ಅಂತ ಅಳೆದು ನೋಡಿದ್ಲು. ಕಾಫಿ ಕೊಡ್ತಿದ್ದೆ, ಎಲ್ಲ ಕೇಳಿಸ್ಕೊಳ್ತಿದ್ದೆ, ಆಮೇಲೆ ಮನೆಯವ್ರನ್ನ ಕೇಳಿ ಫೋನ್ ಮಾಡ್ತೀನಿ ಅಂತ ಕಳಿಸ್ತಿದ್ದೆ. ಫೋನ್ ಯಾರಿಗೂ ಮಾಡಲಿಲ್ಲ. ನಂದೀಶ್ ಕೇಳಿದ್ರೆ ಅವನು ಕುಡೀತಾನೆ, ಇವನು ಲಾಯರ್ರು ಅಂತಿದ್ದೆ. ಲಾಯರ್ರು ಅಂದ ತಕ್ಷಣ ನಂದೀಶ್ ಮುಂದಕ್ಕೆ ಮಾತೇ ಆಡ್ತಿರಲಿಲ್ಲ. ಅತ್ತೆಗೆ ಮಾತ್ರ ಅನುಮಾನ. ಬಂದೋರಿಗೆಲ್ಲ ಕಾಪಿ ಕಾಸಿ ಕೊಡ್ತಾ ಕುಂತವ್ಳೆ, ಓಟ್ಲು ಮಡಗವ್ಳೇನೋ ಅಂತ ಗೊಣಗೋರು.

ಇಷ್ಟಾದ್ರೂ ಕಥೆ ಆಗ್ತಿರಲಿಲ್ಲ. ಎಲ್ಲಾ ಚೂರುಚೂರು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರು ಮನೆ ಬದಲಾಯಿಸ್ತಾರೆ? ಒಂದು ನರಪಿಳ್ಳೆಯೂ ಗೇಟಿನ ಹತ್ರ ಬರಲಿಲ್ಲ. ನಂಗೆ ಹುಚ್ಚು ಹಿಡಿಯೋದೊಂದು ಬಾಕಿ. ಬೀದೀಲಿ ಯಾರಾದ್ರೂ ನಿಂತು ತಲೆ ಎತ್ತಿ ನೋಡಿದ್ರೆ ಸಾಕು, ಎದ್ದು ಗೇಟಿಗೆ ಓಡ್ತಿದ್ದೆ. ಕೊರಿಯರ್‌ನವನನ್ನೂ ಬಿಡಲಿಲ್ಲ, ನಿಂದು ಯಾವೂರಪ್ಪ ಅಂತ ಹಿಡ್ಕೊಂಡೆ. ಅವನು ಸೈನ್ ಮಾಡಿ ಮೇಡಂ, ಲೇಟಾಗುತ್ತೆ ಅಂದ.

ಶ್ರಾವಣದ ಮೊದಲನೇ ಶುಕ್ರವಾರ ಲಕ್ಷ್ಮವ್ವ ಬಂದ್ರು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಹಣೆಗೆ ವಿಭೂತಿ. ರೋಣದ ಕಡೆಯೋರು, ಬೆಂಗಳೂರಿಗೆ ಬಂದು ಬಹಳ ವರ್ಷ ಆಗಿದೆ, ಮಾತು ಮಾತ್ರ ಅಲ್ಲೀದೇ. ಮನೆ ಯಾಕೆ ಬಿಡ್ತಿದ್ದೀರಿ ಅಂತ ನಾನು ಕೇಳೋಕೆ ಮುಂಚೆ ಅವರೇ ಹೇಳಿದ್ರು. “ಮೊದಲ ಹೇಳಿಬಿಡ್ತೀನ್ರಿ, ಆಮ್ಯಾಲೆ ನೀವು ಅನ್ನೂದು ಬ್ಯಾಡ. ನಾ ರೊಟ್ಟಿ ಬಡೀತೀನಿ.”

ಜೋಳದ ರೊಟ್ಟಿ. ಪೀಣ್ಯದ ಖಾನಾವಳಿಗಳಿಗೆ, ಪಿಜಿಗಳಿಗೆ ಇವರದೇ ರೊಟ್ಟಿ ಹೋಗೋದು. ಬೆಳಗಿನ ಜಾವ ಶುರು ಮಾಡಿದ್ರೆ ಸೂರ್ಯ ಮೇಲೆ ಬರೋವರೆಗೂ ಅಂಗೈಲಿ ಪಟಪಟ ಪಟಪಟ. ಗಂಡ ಗದಿಗೆಪ್ಪ ಅದನ್ನ ಟಿವಿಎಸ್ ಗಾಡೀಲಿ ಹಾಕ್ಕೊಂಡು ಹಂಚಿ ಬರ್ತಾರೆ. ಕೆಳಗಿನ ಮನೆಯವರಿಗೆ ಆ ಸದ್ದು ನೆತ್ತಿ ಮೇಲೇ ಬಡಿದ ಹಾಗೆ ಕೇಳುತ್ತಂತೆ. ಓನರ್ರು ಮೊದಲು ಸುಮ್ನಿರ್ತಾರೆ, ಆಮೇಲೆ ಮುಖ ಗಂಟು ಹಾಕ್ತಾರೆ, ಆಮೇಲೆ ನಮ್ಮ ಮಗಳು ಬರ್ತಾಳೆ ಮನೆ ಬೇಕು ಅಂತಾರೆ. ಕಂಬಳಿ ಮಡಿಚಿ ಕೆಳಗೆ ಹಾಕಿ ಬಡಿದಿದ್ದಾರೆ. ಒಂದು ಮನೇಲಿ ಸದ್ದು ಕೇಳಿಸಬಾರದು ಅಂತ ಬಚ್ಚಲಲ್ಲಿ ಕೂತು ಬಡಿದಿದ್ದಾರೆ. ಈಗಿರೋ ಮನೇಲೂ ಸೋಮವಾರದೊಳಗೆ ಖಾಲಿ ಮಾಡಿ ಅಂದಿದ್ದಾರೆ. ಇನ್ನು ಈ ಮನೆಯೂ ಸಿಗದಿದ್ರೆ ರೊಟ್ಟಿ ಹಂಚು ಒಲೆ ಮೇಲಿಂದ ಕೆಳಗಿಳಿಸಿ ಸುಮ್ನೆ ಕೂತ್ಕೊಳ್ಳೋದೇ ಅಂತ ತೀರ್ಮಾನ ಮಾಡಿದ್ರಂತೆ.

ನಾನು ಕೇಳಿದೆ, ಯಾವ ಮನೇಲಿ ರೊಟ್ಟಿ ಚೆನ್ನಾಗಿ ಆಗ್ತಿತ್ತು ಅಂತ. ಅವರು ನಗೋಕೆ ಶುರು ಮಾಡಿದ್ರು. ಇಷ್ಟು ವರ್ಷದಲ್ಲಿ ಯಾರೂ ಇದನ್ನ ಕೇಳಿಲ್ಲ ಅಂದ್ರು. ನಗ್ತಾ ನಗ್ತಾ ಕಣ್ಣು ತುಂಬಿ ಬಂತು, ಆಮೇಲೆ ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಮಗಳ ಹತ್ರ ಬಂದು ನಿಂತಿತು.

ಮಗಳು ಕಾವ್ಯಾ ಎಂಜಿನಿಯರಿಂಗ್ ಓದಿ ಪೀಣ್ಯದ ಒಂದು ಕಂಪನೀಲಿ ಕ್ವಾಲಿಟಿ ವಿಭಾಗದಲ್ಲಿದ್ದಾಳೆ. ಹೋದ ವರ್ಷ ಒಂದು ಒಳ್ಳೇ ಸಂಬಂಧ ಬಂದಿತ್ತಂತೆ. ಹುಡುಗನಿಗೆ ವೈಟ್‌ಫೀಲ್ಡಲ್ಲಿ ಫ್ಲಾಟು. ಮಾತುಕತೆ ಎಲ್ಲ ಮುಗಿದ ಮೇಲೆ ಅವರ ಕಡೆಯಿಂದ ಒಬ್ರು ಬಂದು, ಬೀಗಿತ್ತಿ ಪಿಜಿಗೆ ರೊಟ್ಟಿ ಮಾರ್ತಾಳೆ ಅಂತ ನಾವು ನಾಲ್ಕು ಜನಕ್ಕೆ ಹೇಗೆ ಹೇಳೋದು, ಅದನ್ನ ನಿಲ್ಲಿಸಿ ಅಂದ್ರಂತೆ. ಲಕ್ಷ್ಮವ್ವ ಯೋಚನೆ ಮಾಡ್ತಿರೋವಾಗ್ಲೇ ಸಂಬಂಧ ಮುರಿದು ಹೋಯ್ತು. ಮಗಳಿಗೆ ಕುಂಡಲಿ ಕೂಡಲಿಲ್ಲ ಅಂತ ಹೇಳಿದ್ರಂತೆ. ಗದಿಗೆಪ್ಪನವರಿಗೂ ಅಷ್ಟೇ ಹೇಳಿದ್ದು.

“ಈ ಕೈಲೆ ಆಕಿನ್ನ ಓದಿಸಿದ್ನಿರಿ,” ಅಂದ್ರು ಲಕ್ಷ್ಮವ್ವ, ಅಂಗೈ ನೋಡ್ಕೊಂಡು. “ಈ ಕೈಲೇನ ಆಕಿ ಬಾಳೇ ಕೆಡಿಸಿದೆ.”

ನಂಗೆ ಅಳು ಬಂತು. ಸುಳ್ಳಲ್ಲ, ನಿಜವಾಗ್ಲೂ ಬಂತು. ಅದರ ಜೊತೇಲೇ ಒಳಗೆ ಇನ್ನೊಬ್ಬಳು ಸಿಕ್ತು, ಸಿಕ್ತು ಅಂತ ಕುಣೀತಿದ್ಲು. ಇದೇ ಕಥೆ. ಇಷ್ಟು ದಿನ ಚೂರುಚೂರಾಗಿ ಬರ್ತಿದ್ದದ್ದು ಇಡಿಯಾಗಿ ಬಂದು ನನ್ನೆದುರು ಕೂತು ಕಾಫಿ ಕುಡೀತಿತ್ತು. ಆಕಾಶಕ್ಕೆ ಮೂರೇ ಗೇಣು ನಂಗೆ. ಶುಕ್ರವಾರದ ಪೂಜೆ ಮುಗಿದಿತ್ತು. ದೇವರ ಮನೆಯಿಂದ ತೆಂಗಿನಕಾಯಿ, ಎಲೆ ಅಡಿಕೆ, ಬೀರುವಿಂದ ಹೊಸ ರವಿಕೆ ಕಣ ತಂದೆ. ಅಕ್ಕಿ ಡಬ್ಬಕ್ಕೆ ಕೈ ಹಾಕಿ ಬೊಗಸೆ ತುಂಬ ಅಕ್ಕಿ ತಗೊಂಡು, ಅರಿಶಿನ ಕುಂಕುಮ ಕೊಟ್ಟು, ಅವರ ಸೆರಗಿಗೆ ಎಲ್ಲ ಹಾಕಿದೆ. ಬಂದ ಹೆಂಗಸಿಗೆ ಕುಂಕುಮ ಕೊಡೋದು ಬೇರೆ, ಮಡ್ಲಕ್ಕಿ ತುಂಬೋದು ಬೇರೆ. ಮಡ್ಲಕ್ಕಿ ಮನೆ ಹೆಣ್ಣುಮಕ್ಕಳಿಗೆ, ಇಲ್ಲಾ ದೇವ್ರಿಗೆ. ಅದು ನಂಗೇನು ಗೊತ್ತಿಲ್ಲದ್ದಲ್ಲ. ಆದ್ರೆ ಆ ಹೊತ್ತಿಗೆ ಕೈ ತಡೀಲಿಲ್ಲ.

ಲಕ್ಷ್ಮವ್ವ ಸೆರಗು ಒಡ್ಡಿ ಎಲ್ಲ ತುಂಬಿಸ್ಕೊಂಡು ಕಣ್ಣಿಗೊತ್ತಿಕೊಂಡ್ರು. ಅಡ್ವಾನ್ಸ್ ಎಷ್ಟು ತರಬೇಕು ಅಂತ ಕೇಳಿದ್ರು. ಅದೆಲ್ಲ ಆಮೇಲೆ ನೋಡೋಣ, ಒಳ್ಳೇದಾಗುತ್ತೆ ಹೋಗ್ಬನ್ನಿ ಅಂದೆ. ಯಾವಾಗ ಮೇಲೆ ಹೋಗಿ ಬರೀತೀನೋ ಅಂತ ತುದಿಗಾಲಲ್ಲಿ ನಿಂತಿದ್ದೆ.

ಬರೆದೆ. ಶನಿವಾರ, ಭಾನುವಾರ ಊಟ ಕೂಡ ಮೇಲಕ್ಕೇ ತರಿಸ್ಕೊಂಡೆ. ಹೆಸರು ಬದಲಾಯಿಸಿದೆ, ಊರು ಬದಲಾಯಿಸಿದೆ. ಕುಂಡಲಿ ಸುಳ್ಳು ಮಾತ್ರ ಹಾಗೇ ಇಟ್ಟೆ, ಅದೇ ಅಲ್ವಾ ಕಥೆಯ ಜೀವ. ಕೊನೇಲಿ ಮನೆ ಒಡತಿ ಮನೆ ಇಲ್ಲ ಅಂತ ಗೇಟು ಹಾಕ್ಕೊಳ್ತಾಳೆ, ರೊಟ್ಟಿಯಾಕೆ ಬಿಸಿಲಲ್ಲಿ ನಡ್ಕೊಂಡು ಹೋಗ್ತಾಳೆ. ನಾನೇ ಬರೆದು ನಾನೇ ಅತ್ತುಬಿಟ್ಟೆ. ಸೋಮವಾರ ಸಂಜೆಯೊಳಗೆ ಮೇಲ್ ಮಾಡೋದಿತ್ತು.

ಸೋಮವಾರ ಬೆಳಗ್ಗೆ ಗೇಟಿನ ಮುಂದೆ ಒಂದು ಟಾಟಾ ಏಸ್ ಬಂದು ನಿಂತಿತು. ಮಂಚ, ಬೀರು, ಜೋಳದ ಹಿಟ್ಟಿನ ಡಬ್ಬಗಳು, ಗಾಡಿ ಹಿಂದೆ ಟಿವಿಎಸ್‌ನಲ್ಲಿ ಗದಿಗೆಪ್ಪ. ಮುಂದಿನ ಸೀಟಲ್ಲಿ ಲಕ್ಷ್ಮವ್ವ, ತೊಡೆ ಮೇಲೆ ಹಾಲಿನ ಪಾತ್ರೆ. ಶ್ರಾವಣ ಸೋಮವಾರ, ಹೊಸ ಮನೇಲಿ ಹಾಲು ಉಕ್ಕಿಸೋಕೆ ಇದಕ್ಕಿಂತ ಒಳ್ಳೇ ದಿನ ಬೇಕಾ? ನಾನು ಮೆಟ್ಟಿಲ ಮೇಲಿಂದ ನೋಡಿದೆ.

ನಂದೀಶ್ ಹಲ್ಲುಜ್ತಾ ನಿಂತವರು ಯಾರಿದು ಅಂತ ನನ್ನ ಮುಖ ನೋಡಿದ್ರು. ನಾನು ಗೊತ್ತಿಲ್ಲ ಅನ್ನೋಕಾಗುತ್ತಾ? ಕೆಳಗಿಳಿದು ಹೋಗಿ, ನಾನು ಕೊಡ್ತೀನಿ ಅಂತ ಎಲ್ಲಿ ಹೇಳಿದ್ದೆ ಲಕ್ಷ್ಮವ್ವಾರೇ ಅಂದೆ. ಅವರ ಮುಖ ನೋಡೋಕಾಗಲಿಲ್ಲ. ಗಾಡಿಯಿಂದ ಕಾವ್ಯಾ ಇಳಿದ್ಲು. ತೆಳ್ಳಗೆ, ಕನ್ನಡಕ, ಕೊರಳಲ್ಲಿ ಆಗಲೇ ಕಂಪನಿ ಕಾರ್ಡು. ಉಡಿ ತುಂಬಿ ಕಳಿಸಿದ್ರಲ್ಲ ಮೇಡಂ, ನಮ್ಮ ಕಡೆ ಅದಕ್ಕಿಂತ ದೊಡ್ಡ ಮಾತು ಯಾವುದೈತಿ ಅಂತ ಕೇಳಿದ್ಲು. ಹಳೇ ಮನೆ ಬೀಗ ಕೊಟ್ಟಾಗಿದೆ, ಅಲ್ಲಿಗೆ ಬೇರೆಯವರು ಬಂದಾಗಿದೆ, ರೊಟ್ಟಿ ಬಡಿಯಬಾರದು ಅನ್ನೋ ಇನ್ನೊಂದು ಮನೆ ಸಿಕ್ಕಿತ್ತಂತೆ, ಅದನ್ನೂ ಇವರು ಶನಿವಾರವೇ ಬೇಡ ಅಂದ್ರಂತೆ, ನಮ್ಮನ್ನ ನಂಬ್ಕೊಂಡು.

ಅತ್ತೆ ಒಳಗಿಂದ ಬಂದ್ರು. ಮಡ್ಲಕ್ಕಿ ಹುಯ್ದು ಕಳ್ಸಿದ್ಯಾ ಅಂತ ನನ್ನ ಕೇಳಿದ್ರು. ತಲೆ ಆಡಿಸಿದೆ. ಅಂಗಾದ್ರೆ ಅವ್ಳು ಈ ಮನೆ ಮಗಳಾದ್ಲು, ಇನ್ಯಾತರ ಮಾತು, ಸಾಮಾನು ಇಳಿಸ್ರಪ್ಪ ಅಂದ್ರು. ನಂದೀಶ್‌ಗೆ ತಲೆಬುಡ ಅರ್ಥವಾಗ್ಲಿಲ್ಲ, ಬಾಯಿ ತುಂಬ ನೊರೆ ಇಟ್ಕೊಂಡೇ ನಿಂತಿದ್ರು.

ಎಲ್ರೂ ನನ್ನನ್ನೇ ನೋಡ್ತಿದ್ರು. ನಂಗೆ ಸಿಟ್ಟು ಬಂತು. ತಪ್ಪು ನಂದೇ ಅಂತ ಗೊತ್ತಿದ್ರೂ ಸಿಟ್ಟು ಬರೋದು ನಂಗೆ ಹುಟ್ಟುಗುಣ. ಆ ರೂಮು ಹೋದ್ರೆ ನಾನು ಎಲ್ಲಿ ಕೂರ್ಲಿ? ನೆತ್ತಿ ಮೇಲೆ ದಿನಾ ಪಟಪಟ ಅಂತಿದ್ರೆ ಕೆಳಗೆ ಕೂತು ನಾನು ಬರೆದ ಹಾಗೇ. ಇಷ್ಟು ವರ್ಷಕ್ಕೆ ನಂದು ಅಂತ ಇದ್ದದ್ದು ಅದೊಂದು ಬಾಗಿಲು. ಬಾಯಿ ತಡೀಲಿಲ್ಲ, ಎಲ್ಲ ಒದರಿಬಿಟ್ಟೆ. ಮನೆ ಬಾಡಿಗೆಗಿಲ್ಲ, ನಾನು ಕಥೆ ಬರೀತೀನಿ, ಕಥೆ ಸಿಗ್ಲಿ ಅಂತ ಬೋರ್ಡು ಹಾಕಿದ್ದು, ಅದಕ್ಕೇ ಅಷ್ಟೆಲ್ಲ ಕೇಳಿದ್ದು.

 ಕಾವ್ಯಾ ಹತ್ರ ಬಂದ್ಲು.

“ನಾವೇನ್ ಕಥಿ ಹೇಳಾಕ ಬಂದಿದ್ವೇನ್ರಿ?” ಅಂದ್ಲು. “ಮನಿ ಕೇಳಾಕ ಬಂದಿದ್ವಿ.”

ಅವಳಿಗೆ ನಂದೀಶ್ ಏನೋ ಸಮಾಧಾನ ಹೇಳೋಕೆ ಹೋದ್ರು. ಅವಳು ಅವರ ಮೇಲೂ ಹರಿಹಾಯ್ದಳು. ಆ ಗದ್ದಲದಲ್ಲಿ ಲಕ್ಷ್ಮವ್ವ ಗಾಡಿ ಇಳಿದು, ಹಾಲಿನ ಪಾತ್ರೆ ಹಿಡ್ಕೊಂಡೇ ನನ್ನ ಮಗ್ಗುಲಿಗೆ ಬಂದ್ರು. ಮನೆ ಕೊಡಿ ಅಂತ ಗೋಗರೀತಾರೆ, ಇಲ್ಲಾ ಶಾಪ ಹಾಕ್ತಾರೆ ಅಂದ್ಕೊಂಡೆ. ಅವರು ಮಗಳ ಕಡೆ ಒಂದು ಕಣ್ಣಿಟ್ಟು, ನನ್ನ ಕಿವಿಗೆ ಮಾತ್ರ ಕೇಳೋ ಹಾಗೆ ಹೇಳಿದ್ರು.

“ಮನಿ ಇಲ್ಲಂದ್ರ ಇಲ್ಲ ಬಿಡ್ರೀ, ಎಲ್ಲಿರ ನೋಡ್ಕೋತೀವಿ. ಆದ್ರ ಆ ಕುಂಡಲಿ ಮಾತು ಬರಿಬ್ಯಾಡ್ರೀ ಯವ್ವಾ. ಆಕಿ ಓದ್ತಾಳ.”

ಕಪಾಳಕ್ಕೆ ಹೊಡೆದಿದ್ರೂ ನಂಗೆ ಅಷ್ಟು ಆಗ್ತಿರಲಿಲ್ಲ. ಸಾಮಾನೆಲ್ಲ ಬೀದೀಲಿದೆ, ಹೋಗೋಕೆ ಮನೆ ಇಲ್ಲ, ಈಯಮ್ಮ ಕೇಳಿದ್ದು ಇದೊಂದೇ. ಬರೆಯಲ್ಲ ಅಂದೆ. ಬರೆದಾಗಿದೆ ಅಂತ ಹೇಳೋಕೆ ಧೈರ್ಯ ಬರಲಿಲ್ಲ. ಕಳಿಸಲ್ಲ ಅಂತ ಮಾತ್ರ ಅಲ್ಲೇ ನಿಂತು ಮನಸ್ಸಲ್ಲಿ ಹೇಳ್ಕೊಂಡೆ.

ಅಷ್ಟರಲ್ಲಿ ಕಾವ್ಯಾ, ಮನೆ ಖಾಲಿ ಐತೋ ಇಲ್ಲೋ ನಾನೇ ನೋಡ್ತೀನಿ ಅಂತ ಮೆಟ್ಟಿಲು ಹತ್ತಿಬಿಟ್ಲು. ಹಿಂದೇನೇ ಓಡಿದೆ. ನನ್ನ ಮೇಜು, ನನ್ನ ಕುರ್ಚಿ, ಪಕ್ಕದ ಮನೆ ಗೋಡೆ ಕಾಣೋ ಕಿಟಕಿ. ಅವಳು ನಡುಮನೇಲಿ ನಿಂತು ಸುತ್ತ ನೋಡಿದ್ಲು. ಇಷ್ಟಕ್ಕೇನಾ ಅಂತ ಕೇಳಿದ್ಲು. ನಾನು ಲ್ಯಾಪ್‌ಟಾಪ್ ಮುಚ್ಚಿ ಕಂಕುಳಿಗೆ ಸೇರಿಸ್ಕೊಂಡೆ.

ಕೆಳಗೆ ಅವ್ವ ನಿಮ್ಮ ಕಿವ್ಯಾಗ ಏನಂದ್ಲು ಅಂತ ಕೇಳಿದ್ಲು. ಏನೂ ಇಲ್ಲ ಅಂದೆ. ಅವಳು ಕಿಟಕಿ ಕಡೆ ತಿರುಗಿ, ಕುಂಡಲಿದೇನು ಅಂದ್ಲು. 

ಅವಳಿಗೆ ಎಲ್ಲ ಗೊತ್ತಿತ್ತು. ಹುಡುಗನ ಕಡೆಯೋರು ಮನೆಗೆ ಬಂದು ಹೇಳಿ ಹೋದ ಸಂಜೆಯೇ ಆ ಹುಡುಗ ಇವಳಿಗೆ ಫೋನ್ ಮಾಡಿದ್ದನಂತೆ. ನಿಮ್ಮ ತಾಯಿ ಅದೊಂದು ಬಿಟ್ರೆ ಸಾಕು, ಬೇಕಾದ್ರೆ ತಿಂಗಳಿಗಿಷ್ಟು ಅಂತ ನಾನೇ ಕೊಡ್ತೀನಿ ಅಂದನಂತೆ. ಇವಳು, ನಮ್ಮವ್ವನ ರೊಟ್ಟಿ ತಿಂದು ಬೆಳೆದಾಕಿ ನಿಮ್ಮ ಫ್ಲಾಟಿಗೆ ಬರಾಂಗಿಲ್ಲ ಅಂತ ಫೋನ್ ಇಟ್ಟಳಂತೆ. ಮುರಿದದ್ದು ಅವರಲ್ಲ. ಇವಳೇ.

“ಹೇಳಿದ್ರ ಅವ್ವ ಅವತ್ತ ಹಂಚು ಇಳಿಸಿಬಿಡ್ತಿದ್ಲು, ನನ್ನ ಸಲುವಾಗಿ ಮಗಳು ಸಂಬಂಧ ಬಿಟ್ಲು ಅಂತ. ಕುಂಡಲಿ ಅಂದ್ಲು, ನಾನೂ ಹೂಂ ಅಂದೆ. ಆಕಿಗೆ ಹೇಳಬ್ಯಾಡ್ರಿ.”

ನಿಜ ಹೇಳ್ತೀನಿ, ಆ ಕ್ಷಣ ನನ್ನ ತಲೇಲಿ ಮೊದಲು ಬಂದದ್ದು ಕಥೆಯೇ. ಅಯ್ಯೋ, ಇದು, ಇದಲ್ವಾ ಕಥೆ ಅಂದ್ರೆ! ನಾನು ಎರಡು ದಿನ ಕೂತು ಬರೆದು ಅತ್ತಿದ್ದು ಇದರ ಸಿಪ್ಪೆ. ಒಂದೇ ಮನೇಲಿ ತಾಯಿ ಮಗಳು ಒಬ್ಬರಿಗೊಬ್ಬರು ಕಾಣದ ಹಾಗೆ ಒಂದೇ ಮುಳ್ಳು ಚುಚ್ಚಿಸ್ಕೊಂಡು ಓಡಾಡ್ತಿದ್ದಾರೆ, ಎರಡು ಕಡೆಯದೂ ಗೊತ್ತಿರೋದು ನಂಗೊಬ್ಬಳಿಗೆ. ಕೈ ತುರಿಸ್ತಿತ್ತು. ಅದಾದ ಮೇಲೆ ಕೆಳಗೆ ಬೀದೀಲಿ ನಿಂತಿರೋ ಲಕ್ಷ್ಮವ್ವನ ಅಂಗೈ ನೆನಪಾಯ್ತು, ಮೈಯೆಲ್ಲ ಉರಿದು ಹೋಯ್ತು. ಒಂದು ವರ್ಷದಿಂದ ಆ ಹೆಂಗಸು ಮಗಳ ಬಾಳು ಕೆಡಿಸಿದೆ ಅಂತ ಒಳಗೊಳಗೇ ಬೇಯ್ತಿದೆ, ಇವಳು ಹೂಂ ಅಂದಳಂತೆ, ಹೂಂ.

ಅಲ್ಲಮ್ಮ, ಇದನ್ನ ತಂದು ನಂಗ್ಯಾಕೆ ಹೇಳ್ತೀಯ, ದಾರೀಲಿ ಹೋಗೋಳಿಗೆ ಅಂತ ಕೂಗಾಡಿದೆ. ನಿಮ್ಮವ್ವ ರೊಟ್ಟಿ ಬಿಡ್ತಾಳೋ ಬಡೀತಾಳೋ ಅದು ಅವಳಿಷ್ಟ, ನೀನು ಯಾರು ಅವಳ ಪಾಲಿನ ಮಾತು ಬಚ್ಚಿಡೋಕೆ ಅಂದೆ. ಅವಳು ಕನ್ನಡಕ ತೆಗೆದು ಕಣ್ಣೊರೆಸ್ಕೊಂಡು, ನೀವ್ಯಾಕ್ ಇಷ್ಟ ಸಿಟ್ಟಾಗ್ತೀರಿ ಅಂದ್ಲು. 

“ನೋಡು ಕಾವ್ಯಾ,” ಅಂದೆ. “ಮನೆ ಕೊಡ್ತೀನಿ. ರೊಟ್ಟಿ ಬಡೀಲಿ, ನನ್ನ ತಲೆ ಮೇಲೇ ಬಡೀಲಿ. ಕಂಡೀಷನ್ ಒಂದೇ. ಹಾಲು ಉಕ್ಕೋದ್ರೊಳಗೆ, ನಂಗೆ ಹೇಳಿದ್ದನ್ನ ನಿಮ್ಮವ್ವನಿಗೆ ನೀನೇ ಹೇಳ್ಬೇಕು. ಆಗಲ್ಲ ಅಂದ್ರೆ ಗಾಡಿ ತಿರುಗಿಸಿ.”

ಓನರ್ರುಗಳ ಬಾಯಲ್ಲಿ ಕಾವ್ಯಾ ನಾನ್‌ವೆಜ್ ಬೇಡ ಅಂತ ಕೇಳಿದ್ದಾಳೆ, ಗೆಳತಿಯರನ್ನ ಕರ್ಕೊಂಡು ಬರಬೇಡಿ ಅಂತ ಕೇಳಿದ್ದಾಳೆ, ಗೋಡೆಗೆ ಮೊಳೆ ಹೊಡೀಬೇಡಿ ಅಂತ ಕೇಳಿದ್ದಾಳೆ. ಇಂಥ ಕಂಡೀಷನ್ ಅವಳು ಬೆಂಗಳೂರಲ್ಲಿ ಎಲ್ಲೂ ಕೇಳಿರಲಿಲ್ಲ.  ಒಪ್ತಾಳೋ ಬಿಡ್ತಾಳೋ ಅಂತ ನಂಗೂ ಪುಕಪುಕ. ಕೊನೆಗೆ ಬಾಲ್ಕನಿಗೆ ಹೋಗಿ, ಅಪ್ಪಾ, ಸ್ಟವ್ ಮೊದಲ ಮ್ಯಾಲ ತಗೊಂಡ್ ಬಾ ಅಂತ ಕರೆದ್ಲು.

ಗದಿಗೆಪ್ಪ ಸ್ಟವ್, ಸಿಲಿಂಡರ್ ಇಟ್ಟು ಉಳಿದ ಸಾಮಾನು ಇಳಿಸೋಕೆ ಹೋದ್ರು. ನನ್ನ ಕುರ್ಚಿ ಮೇಜನ್ನ ನಂದೀಶ್ ಎತ್ಕೊಂಡು ಕೆಳಗೆ ಹೋದ್ರು, ಪುಣ್ಯಾತ್ಮ. ಲಕ್ಷ್ಮವ್ವ ಪೂರ್ವಕ್ಕೆ ಮುಖ ಮಾಡಿ ಒಲೆ ಮೇಲೆ ಹಾಲಿಟ್ರು. ಇನ್ನೂ ನಂಬಿಕೆ ಬಂದಿರಲಿಲ್ಲ ಅವರಿಗೆ, ನಡುನಡುವೆ ನನ್ನ ಕೈಲಿದ್ದ ಬೀಗದ ಕೈ ಕಡೆ ನೋಡ್ತಿದ್ರು. ಪಾತ್ರೆ ಅಂಚಲ್ಲಿ ಸಣ್ಣ ಸಣ್ಣ ಗುಳ್ಳೆ ಏಳೋಕೆ ಶುರುವಾಯ್ತು. ಕಾವ್ಯಾ ಗೋಡೆಗೆ ಒರಗಿ ನಿಂತಿದ್ಲು. ಹಾಲಿನ ಕಡೆ ನೋಡಿದ್ಲು, ನನ್ನ ಕಡೆ ನೋಡಿದ್ಲು. ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ.

“ಅವ್ವಾ,” ಅಂದ್ಲು. “ಆ ಕುಂಡಲಿ ಮಾತು ಐತಲ್ಲ...”

ಲಕ್ಷ್ಮವ್ವ ತಿರುಗಿ ಮೊದಲು ನೋಡಿದ್ದು ನನ್ನನ್ನ. ನಾನು ಹೇಳಿಲ್ಲ ಅಂತ ತಲೆ ಅಲ್ಲಾಡಿಸಿದೆ. ಬೀಗದ ಕೈ ಕಿಟಕಿ ಕಟ್ಟೆ ಮೇಲಿಟ್ಟು ಹೊರಗೆ ಬಂದೆ, ಬಾಗಿಲು ಎಳ್ಕೊಂಡೆ.

ಮೆಟ್ಟಿಲ ಹತ್ರ ಕಾಲು ನಿಂತುಬಿಡ್ತು. ಮಗಳು ಹೇಗೆ ಹೇಳ್ತಾಳೆ, ತಾಯಿ ಮೊದಲನೇ ಮಾತು ಏನಾಡ್ತಾಳೆ, ಅಳ್ತಾಳಾ, ಬೈತಾಳಾ, ಅಷ್ಟರಲ್ಲಿ ಹಾಲು ಉಕ್ಕುತ್ತಾ. ಇಷ್ಟು ತಿಂಗಳು ನಾನು ಬೋರ್ಡು ಹಾಕ್ಕೊಂಡು ಕಾದಿದ್ದು ಇದೊಂದಕ್ಕೆ, ಅದು ಒಂದು ಬಾಗಿಲ ಆಚೆ ನಡೀತಿತ್ತು. ಕಿವಿಯೆಲ್ಲ ಅಲ್ಲೇ ಇತ್ತು ನಂಗೆ. ಒಳಗಿಂದ ಲಕ್ಷ್ಮವ್ವನ ದನಿ ಏರಿತು, ಏನಂದ್ರು ಅಂತ ತಿಳೀಲಿಲ್ಲ. ಒಂದು ಹೆಜ್ಜೆ ಹಿಂದಕ್ಕೂ ಇಟ್ಟೆ. ಥೂ ನಿನ್ನ ಅಂತ ನಂಗೆ ನಾನೇ ಬೈದ್ಕೊಂಡು ದಡದಡ ಇಳಿದು ಬಂದೆ.

ಕೆಳಗೆ ಬಂದ್ರೂ ಕೇಳಿಸ್ತಿತ್ತು. ನಮ್ಮ ಅಡುಗೆಮನೆ ಅವರ ಅಡುಗೆಮನೆ ಕೆಳಗೇ ಬರೋದು. ಮಿಕ್ಸಿ ಎಳೆದು, ಖಾಲಿ ಜಾರೇ ಕೂರಿಸಿ ತಿರುಗಿಸಿದೆ. ಅತ್ತೆ ಬಂದು ಏನೇ ರುಬ್ತಿದ್ದೀಯ ಅಂತ ಕೇಳಿದ್ರು. ಏನೂ ಇಲ್ಲ ಅತ್ತೆ ಅಂದೆ, ಮೇಲಿನ ಮಾತು ನಿಲ್ಲೋವರೆಗೂ ತಿರುಗಿಸ್ತಾನೇ ಇದ್ದೆ.